ಬಿಡುವಿನ ವೇಳೆಯಲ್ಲಿ ಪರ್ಸನಲ್ ಟ್ರೈನರ್: ಶುರು ಮಾಡುವುದು ಹೇಗೆ?

ಹೆಚ್ಚಿನವರು ವ್ಯಾಯಾಮಕ್ಕೆ ಸಮಯ ಮಾಡಿಕೊಳ್ಳುವುದು ಕೆಲಸಕ್ಕೆ ಹೋಗುವ ಮುಂಚೆ, ಇಲ್ಲವೇ ಕೆಲಸ ಮುಗಿದ ಮೇಲೆ. ಹಗಲು ಬೇರೆ ಉದ್ಯೋಗ ಇದ್ದವರಿಗೂ ವ್ಯಾಯಾಮ ಕಲಿಸುವ ಈ ಕಸುಬು ಒಗ್ಗುವುದು ಅದಕ್ಕೇ. ಆದರೆ ನಿಮ್ಮ ಕೈಯಲ್ಲಿರುವುದು ದಿನಕ್ಕೆ ಎರಡು ಮೂರು ಗಂಟೆ ಮಾತ್ರ. ಹಾಗಾಗಿ ಪ್ರತಿ ತಿಂಗಳು ಹೊಸಬರನ್ನು ಹುಡುಕುತ್ತಾ ಕೂರುವುದಕ್ಕಿಂತ, ಬಂದ ನಾಲ್ವರನ್ನು ಉಳಿಸಿಕೊಳ್ಳುವುದರಲ್ಲೇ ಜಾಸ್ತಿ ಸಂಪಾದನೆ ಇದೆ.

ಮೊದಲು ಕಲಿಯಿರಿ

ನಮ್ಮ ಮೈ ಹುರಿಗಟ್ಟಿದೆ ಎಂದ ಮಾತ್ರಕ್ಕೆ ಇನ್ನೊಬ್ಬರಿಗೆ ಕಲಿಸಲು ಬಂದುಬಿಡುವುದಿಲ್ಲ. ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂ, ಎನ್‌ಎಸ್‌ಸಿಎ ಎಂಬ ಅಮೆರಿಕದ ಸಂಸ್ಥೆಗಳ ಸರ್ಟಿಫಿಕೇಟ್‌ಗಳಿಗೆ ಹಲವು ದೇಶಗಳಲ್ಲಿ ಬೆಲೆ ಇದೆ. 18 ವರ್ಷ ತುಂಬಿರಬೇಕು, ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ನೆರವು) ಕಲಿತಿರಬೇಕು. ಒಮ್ಮೆ ಪಾಸಾದರೆ ಸಾಲದು. ಎಸಿಇ, ಎನ್‌ಎಎಸ್‌ಎಂ ಸರ್ಟಿಫಿಕೇಟ್‌ಗಳನ್ನು 2 ವರ್ಷಕ್ಕೊಮ್ಮೆ, ಎಸಿಎಸ್‌ಎಂ ಕೊಡುವುದನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಜೊತೆಗೆ, ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊಣೆ ಹೊರುವ ವಿಮೆ ಮಾಡಿಸಿ. ಹೊರಗೆ ದುಡಿಯಲು ನಿಮ್ಮ ಈಗಿನ ಕೆಲಸದಲ್ಲಿ ಅಡ್ಡಿಯಿಲ್ಲ ತಾನೇ? ಅದನ್ನೂ ನೋಡಿಕೊಳ್ಳಿ.

ಮೊದಲ ದಿನ ಕೇಳಿ, ನೋಡಿ

ಇಲ್ಲಿ ಅವಸರ ಬೇಡವೇ ಬೇಡ. ವ್ಯಾಯಾಮ ಶುರು ಮಾಡುವ ಮುಂಚೆ ಆರೋಗ್ಯ ವಿಚಾರಿಸುವ ಪಾರ್‌ಕ್ಯೂ ಪ್ಲಸ್ ಎಂಬ ಪ್ರಶ್ನಾವಳಿಯ ಮೊದಲ ಪುಟದಲ್ಲಿ 7 ಪ್ರಶ್ನೆಗಳಿವೆ: ಹೃದಯದ ತೊಂದರೆ ಅಥವಾ ಬಿಪಿ ಇದೆಯೇ, ಎದೆ ನೋಯುತ್ತದೆಯೇ, ತಲೆ ಸುತ್ತುತ್ತದೆಯೇ, ಮೂಳೆ ಕೀಲು ನೋವಿದೆಯೇ, ಹೀಗೆ. ಒಂದಕ್ಕೆ ‘ಹೌದು’ ಬಂದರೂ ಮುಂದಿನ ಪುಟಗಳನ್ನು ತುಂಬಿಸಿ. ಅನುಮಾನ ಬಂದರೆ ವೈದ್ಯರನ್ನು ಕಂಡು ಬರಲು ಹೇಳಿ. ನೋವಿಗೆ ಕಾರಣ ಹೇಳುವುದು, ಕಾಯಿಲೆಗೆ ಪಥ್ಯ ಬರೆದುಕೊಡುವುದು ನಮ್ಮ ಕೆಲಸ ಅಲ್ಲ.

ಆಮೇಲೆ ಕುರ್ಚಿಯಿಂದ ಎದ್ದು ಕೂರಲು ಹೇಳಿ. ಹಿಮ್ಮಡಿ ನೆಲ ಬಿಡುತ್ತದೆಯೇ? ಮಂಡಿ ಒಳಕ್ಕೆ ವಾಲುತ್ತದೆಯೇ? ಇನ್ನೊಂದು ಪರೀಕ್ಷೆಗೆ ಉದ್ದನೆಯ ಕೋಲು ಸಾಕು. ಅದನ್ನು ಬೆನ್ನಿಗೆ ಉದ್ದಕ್ಕೆ ಒತ್ತಿ ಹಿಡಿಸಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಈಗ ಸೊಂಟ ಹಿಂದಕ್ಕೆ ತಳ್ಳಿ ಬಾಗಲಿ. ಬಾಲಮೂಳೆ ಕೋಲು ಬಿಟ್ಟಿತೆಂದರೆ ಬೆನ್ನು ಗೂನಾಯಿತು ಎಂದೇ ಅರ್ಥ. ನೆಲದಿಂದ ಭಾರ ಎತ್ತಿಸಲು ಇನ್ನೂ ಕಾಲ ಬಂದಿಲ್ಲ.

ನನ್ನ ಮೊದಲ ಕ್ಲೈಂಟ್‌ಗೆ ನಾನು ಇದ್ಯಾವುದನ್ನೂ ಮಾಡಲಿಲ್ಲ. ಮೊದಲ ದಿನವೇ ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು) ಮೇಲೆ ಸೆಟ್ ಸ್ಕ್ವಾಟ್, ಅಂದರೆ ಮಂಡಿ ಮಡಿಸಿ ಕೂತು ಏಳುವುದು, ಮಾಡಿಸಿದೆ. ಅವರಿಗೆ ಮೂರು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ, ಮತ್ತೆ ಬರಲೂ ಇಲ್ಲ. ಹೊಸ ವ್ಯಾಯಾಮದ ಮೈಕೈ ನೋವು 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ ಎಂದು ಓದಿ ಗೊತ್ತಿದ್ದೂ ಹಾಗೆ ಮಾಡಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಈಗ ಪ್ರತಿ ಸೆಟ್ ಆದ ಮೇಲೂ ‘ಹತ್ತಕ್ಕೆ ಎಷ್ಟು ಕಷ್ಟ ಆಯ್ತು?’ ಎಂದು ಕೇಳುತ್ತೇನೆ. ಹೊಸಬರು ಐದು, ಆರು ಅಂದರೆ ಅಲ್ಲಿಗೆ ಸಾಕು.

ದರ ಹೇಗೆ ಕಟ್ಟುವುದು?

ಹಲವರು ಎಡವುವುದು ಇಲ್ಲೇ. ಸೆಷನ್ ಒಂದು ಗಂಟೆ. ಹೋಗಿ ಬರಲು ಒಂದು ಗಂಟೆ, ತಯಾರಿಗೆ ಕಾಲು ಗಂಟೆ. ಅಂದರೆ ಒಂದು ಗಂಟೆಯ ದುಡ್ಡಿಗೆ ಎರಡೂಕಾಲು ಗಂಟೆ ದುಡಿದ ಹಾಗಾಯಿತು, ಅಲ್ವಾ? ಜಿಮ್‌ನಲ್ಲಿ ಕಲಿಸಿದರೆ ಜಿಮ್‌ನವರ ಪಾಲೂ ಹೋಗುತ್ತದೆ. ನೂರರಲ್ಲಿ ನಲವತ್ತು ಅವರಿಗಾದರೆ, ಕೈಗೆ ನೂರು ಬರಲು ದರ ಸುಮಾರು 167 ಇರಬೇಕು. ವಿಮೆ, ತೆರಿಗೆ, ನವೀಕರಣದ ಖರ್ಚನ್ನೂ ಸೇರಿಸಿ. ಸುತ್ತಲಿನವರಿಗಿಂತ ಕಡಿಮೆ ಇಡೋಣ ಎಂದು ಸುಮ್ನೆ ಇಳಿಸಬೇಡಿ, ಆಮೇಲೆ ಏರಿಸುವುದು ಕಷ್ಟ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನಡೆದೇ ಹೋಗುವಂತಿದ್ದರೆ ದರ ಏರಿಸದೆಯೇ ಆದಾಯ ಏರುತ್ತದೆ.

ದುಡ್ಡನ್ನು ಎಂಟು ಹತ್ತು ಸೆಷನ್‌ಗೆ ಒಟ್ಟಿಗೆ, ಮುಂಗಡವಾಗಿ ತೆಗೆದುಕೊಳ್ಳಿ. 24 ಗಂಟೆ ಮುಂಚೆ ಹೇಳದೆ ತಪ್ಪಿಸಿದರೆ ಆ ಸೆಷನ್ ಲೆಕ್ಕಕ್ಕೆ ಬಂತು ಎಂದು ಮೊದಲೇ ಬರೆದುಕೊಡಿ. ನೀವು ತಪ್ಪಿಸಿದರೆ ಒಂದು ಸೆಷನ್ ಪುಕ್ಕಟೆ ಎಂದೂ ಬರೆಯಿರಿ. ಆಗಲೇ ನ್ಯಾಯ.

ಬಂದವರು ಉಳಿಯಬೇಕಾದರೆ

ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ ಇಡಿ. ದಿನಾಂಕ, ಭಾರ, ರೆಪ್ (ಒಂದು ಸೆಟ್‌ನಲ್ಲಿ ಎಷ್ಟು ಸಲ ಮಾಡಿದರು), ಅವರು ಹೇಳಿದ ಮಾತು. ‘ಎಡ ಭುಜ ಹಿಡಿದಿತ್ತು’ ಎಂದು ಹೋದ ವಾರ ಬರೆದುಕೊಂಡದ್ದನ್ನು ಈ ವಾರ ನೀವಾಗಿಯೇ ವಿಚಾರಿಸಿದಾಗ ಅವರ ಮುಖ ನೋಡಿ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಜೊತೆಗೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಎರಡು ದಿನ ನಿಮ್ಮ ಜೊತೆ ಆಗಲಿ. ನಡಿಗೆಯನ್ನು ಅವರೇ ಮಾಡಿಕೊಳ್ಳಲಿ, ಎಷ್ಟು ನಡೆದರು ಎಂದು ನೀವು ಕೇಳಿ ಬರೆದುಕೊಳ್ಳಿ.

ನಿಮ್ಮ ಗಂಟೆಗಳೆಲ್ಲ ತುಂಬಿ, ಇನ್ನೂ ಜನ ಕೇಳುತ್ತಿದ್ದರೆ ಮೂರು ನಾಲ್ಕು ಜನರ ಗುಂಪು ಮಾಡಿ. ಒಬ್ಬೊಬ್ಬರಿಗೂ ದರ ಇಳಿಯುತ್ತದೆ, ನಿಮಗೆ ಆ ಗಂಟೆಯ ಗಳಿಕೆ ಏರುತ್ತದೆ. ಐದನೆಯವರನ್ನು ಮಾತ್ರ ನಾನು ಸೇರಿಸಿಕೊಳ್ಳುವುದಿಲ್ಲ. ಐದು ಜನರ ಮಂಡಿ ಮೇಲೆ ಒಟ್ಟಿಗೆ ಕಣ್ಣಿಡಲು ನನ್ನಿಂದ ಆಗುವುದಿಲ್ಲ.