ಏಳು ದಿನದ ಮುಚ್ಚಿಗೆ: ಕಾಳಿನ ಗೋದಾಮಿನಲ್ಲಿ ನನ್ನ ಅನುಭವ

ಗದಗಿನ ಹೊರವಲಯದ ಗೋದಾಮೊಂದರಲ್ಲಿ ಕಾಳುಕಡಿಗೆ ಗ್ಯಾಸ್ ಕೊಡುವ, ಅಂದರೆ ವಿಷಾನಿಲದಿಂದ ಹುಳು ಕೊಲ್ಲುವ ಕೆಲಸದ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ತರಬೇತಿ ಮುಗಿಸಿ, ಪರವಾನಗಿ ಪಡೆದೇ ನಾನು ಇದಕ್ಕೆ ಇಳಿದೆ. ಆದರೂ ಗುಳಿಗೆ ಇಡುವುದು ಇದರಲ್ಲಿ ಸಣ್ಣ ಭಾಗ, ಮುಚ್ಚಿ ಕಾಯುವುದೇ ದೊಡ್ಡ ಭಾಗ ಎಂಬುದು ತಲೆಗೆ ಹತ್ತಿದ್ದು ಒಂದು ನಿಟ್ಟು, ಅಂದರೆ ಚೀಲಗಳನ್ನು ಪೇರಿಸಿದ ಒಂದು ಅಟ್ಟಿ, ಹೆಸರುಕಾಳು ಕೆಟ್ಟ ಮೇಲೆ.

ಆ ವರ್ಷ ಮುಂಗಾರಿನ ಹೆಸರು ಸೆಪ್ಟೆಂಬರಿನಲ್ಲಿ ಗೋದಾಮಿಗೆ ಬಂತು. ಒಂದು ಹಿಡಿ ಕಾಳನ್ನು ಅಂಗೈ ಮೇಲೆ ಹರವಿ ಬಾಗಿಲ ಬೆಳಕಿಗೆ ಹಿಡಿದಾಗ, ಹಸಿರು ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಅಂಟಿಕೊಂಡಿದ್ದವು. ಅವು ಕಾಳು ದುಂಬಿಯ ತತ್ತಿಗಳು. ಈ ದುಂಬಿ ಹೊಲದಲ್ಲಿ ಒಣಗುವ ಕಾಯಿಯ ಮೇಲೆಯೇ ತತ್ತಿ ಇಡುವುದರಿಂದ ಪೀಡೆ ರಾಶಿಯ ಜೊತೆಗೇ ಗೋದಾಮಿಗೆ ಬರುತ್ತದೆ. ಮರಿ ತತ್ತಿಯ ಅಡಿಯಿಂದಲೇ ಕಾಳನ್ನು ಕೊರೆದು ಒಳಹೊಕ್ಕು, ತಿರುಳು ತಿಂದು, ಅಲ್ಲಿಯೇ ಕೋಶವಾಗಿ, ಕೊನೆಗೆ ದುಂಡನೆಯ ತೂತು ಮಾಡಿ ಹೊರಬೀಳುತ್ತದೆ. ಚೀಲದ ಮೇಲೆ ಹರಿದಾಡುವ ಹುಳುಗಳಿಗಿಂತ ಒಳಗೆ ಅಡಗಿರುವವೇ ಹೆಚ್ಚು.

ವಿಷಾನಿಲ ಬಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಟ್ಟು, ನಿಟ್ಟನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದೆವು. ಮೂರನೆಯ ದಿನವೇ ಮಾಲಿನ ಮಾಲೀಕರು, ಖರೀದಿದಾರರು ಬಂದಿದ್ದಾರೆ, ಹಾಳೆ ತೆಗೆಯಿರಿ ಎಂದು ಒತ್ತಾಯಿಸಿದರು, ನಾನು ಮಣಿದೆ. ಓಡಾಡುತ್ತಿದ್ದ ಹುಳುಗಳೆಲ್ಲ ಸತ್ತು ಬಿದ್ದಿದ್ದರಿಂದ ಎಲ್ಲರಿಗೂ ಸಮಾಧಾನವಾಯಿತು. ಅರ್ಧ ಮಾಲು ಹೋಯಿತು, ಅರ್ಧ ಉಳಿಯಿತು. ನಾಲ್ಕು ವಾರ ಕಳೆಯುವುದರೊಳಗೆ ಉಳಿದ ಚೀಲಗಳನ್ನು ತಟ್ಟಿದರೆ ಹಿಟ್ಟು ಉದುರುತ್ತಿತ್ತು, ದುಂಬಿಗಳು ಹಾರುತ್ತಿದ್ದವು. ಗುಳಿಗೆ ಗಾಳಿಯ ತೇವ ಹೀರಿ ಬಿಡುವ ಫಾಸ್ಫೀನ್ ಅನಿಲವು ಹುಳುವಿನ ಉಸಿರಿನ ಮೂಲಕ ಒಳಸೇರುತ್ತದೆ. ದುಂಬಿಯೂ ಮರಿಯೂ ಬೇಗ ಸಾಯುತ್ತವೆ. ತತ್ತಿ ಮತ್ತು ಕೋಶಗಳು ಕಡಿಮೆ ಉಸಿರಾಡುವುದರಿಂದ ತಡೆದುಕೊಳ್ಳುತ್ತವೆ. ಅವು ಮುಂದಿನ ಹಂತಕ್ಕೆ ಬರುವವರೆಗೂ ಅನಿಲ ಅಲ್ಲಿ ನಿಂತಿರಬೇಕು. ಅರೆಬರೆ ಅನಿಲ ಕುಡಿದು ಬದುಕಿದ ಹುಳುಗಳ ಸಂತತಿ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಇನ್ನೂ ದೊಡ್ಡ ಅಪಾಯ. ಆ ಮೂರು ದಿನದ ಕೆಲಸ ನನ್ನದೇ ತಪ್ಪು.

ಮುಂದಿನ ಹಂಗಾಮಿಗೆ ಮೊದಲು ನೆಲದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿದೆ, ಏಕೆಂದರೆ ಅನಿಲ ಅಲ್ಲಿಂದಲೇ ಸೋರುತ್ತದೆ. ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿಸಿ, ಬೆಳಕು ತೂರಿದ ಪ್ರತಿ ತೂತಿಗೂ ಪಟ್ಟಿ ಹಚ್ಚಿಸಿದೆ. ಬಟ್ಟೆಯ ಉದ್ದನೆಯ ಕೊಳವೆಗಳಲ್ಲಿ ಒಣ ಉಸುಕು ತುಂಬಿಸಿ, ಹಾಳೆಯ ಅಂಚಿನ ಮೇಲೆ ಎರಡು ಸಾಲಾಗಿ, ಒಂದರ ತುದಿಯ ಮೇಲೆ ಇನ್ನೊಂದು ಬರುವಂತೆ ಇಡಿಸಿದೆ. ಮೂಲೆಗಳಲ್ಲಿ ಹಾಳೆ ಮಡಿಕೆ ಬೀಳುವುದರಿಂದ ಅಲ್ಲಿ ಉಸುಕಿನ ಭಾರ ಹೆಚ್ಚು ಬೇಕು. ಹಾಳೆಯ ಕೆಳಗೆ ಟನ್ನಿಗೆ 3 ಗ್ರಾಂ ತೂಕದ 3 ಗುಳಿಗೆಯ ಲೆಕ್ಕದಲ್ಲಿ 50 ಟನ್ನಿಗೆ 150 ಗುಳಿಗೆಗಳು ಬೇಕಾದವು. ಅವನ್ನು ಒಂದರ ಮೇಲೊಂದು ರಾಶಿ ಹಾಕದೆ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಹರಡಿದೆವು. ನೀರು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ ಮಳೆ ಹನಿಯುವ ದಿನ ಡಬ್ಬಿಯನ್ನೇ ತೆರೆಯಲಿಲ್ಲ. ಅನಿಲ ತಡೆಯುವ ಮುಖವಾಡ ಧರಿಸಿ ಇಬ್ಬರೇ ಒಳಗೆ ಹೋಗಿ, ಬೇಗ ಹೊರಬಂದು, ಬಾಗಿಲಿಗೆ ಬೀಗ ಹಾಕಿ, ಅಪಾಯದ ಫಲಕ ತೂಗುಹಾಕಿದೆವು.

ಏಳು ದಿನ ಯಾರು ಕೇಳಿದರೂ ಬೀಗದ ಕೈ ಕೊಡಲಿಲ್ಲ. ಎಂಟನೆಯ ದಿನ ಬಾಗಿಲು, ಕಿಟಕಿ ತೆರೆದು, ಹಾಳೆಯ ಮೂಲೆಗಳನ್ನಷ್ಟೇ ಎತ್ತಿ ಗಾಳಿಯಾಡಲು ಬಿಟ್ಟು, ಅಳೆಯುವ ಯಂತ್ರದಲ್ಲಿ ಅನಿಲ 0.3 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.3 ಭಾಗ) ಕೆಳಗೆ ಇಳಿದ ಮೇಲೆಯೇ ಹಮಾಲರನ್ನು ಒಳಗೆ ಬಿಟ್ಟೆ. ಬೆಳ್ಳುಳ್ಳಿಯಂಥ ವಾಸನೆ ಹೋಯಿತು ಎಂದು ನಂಬಿ ಒಳಹೋಗುವುದು ಜೀವಕ್ಕೆ ಎರವಾಗುತ್ತದೆ. ಆ ನಿಟ್ಟಿನಿಂದ 40 ದಿನಗಳ ನಂತರ ತೆಗೆದ ಮಾದರಿಯಲ್ಲಿ ಜೀವಂತ ಹುಳು ಒಂದೂ ಇರಲಿಲ್ಲ.

ಇದನ್ನು ಕೇಳಿ ನಮ್ಮ ಊರಿನ ಹಿರಿಯರೊಬ್ಬರು ಬಂದು, "ತಮ್ಮಾ, ಮನ್ಯಾಗಿನ ಜೋಳಕ್ಕ ನುಸಿ ಹತ್ತೇತಿ, ಎರಡು ಗುಳಗಿ ಕೊಡು" ಎಂದರು. "ಕಾಕಾ, ಅದನ್ನ ಮನ್ಯಾಗ ಇಡಬಾರದ್ರಿ, ಮಲಗಿದವ್ರ ಜೀವಾ ಹೋಗತೈತಿ" ಎಂದು ಕೈಮುಗಿದೆ. ಈ ವಿಷಕ್ಕೆ ಮದ್ದಿಲ್ಲ. ಪರವಾನಗಿ ಇಲ್ಲದವರ ಕೈಗೆ ಅದು ಹೋಗಲೂಬಾರದು. ಅವರ ತಂದೆಯ ಕಾಲದಲ್ಲಿ ಜೋಳವನ್ನು ಹಗೇವಿಗೆ ಹಾಕುತ್ತಿದ್ದುದನ್ನು ನೆನಪಿಸಿದೆ: ಬಾಯಿ ಮುಚ್ಚಿದ ಆ ನೆಲಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ತೀರಿ, ಹುಳು ತಾನಾಗಿ ಸಾಯುತ್ತಿತ್ತು, ಅದಕ್ಕಾಗಿಯೇ ಹಗೇವು ತೆರೆದೊಡನೆ ಇಳಿಯದೆ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲವೂ ಅದೇ ಕೆಲಸ ಮಾಡುತ್ತದೆ. ಅವರ ಜೋಳವನ್ನು ಜರಡಿ ಹಿಡಿದು, ಹಲ್ಲಿಗೆ ಕಟ್ಟನೆ ಮುರಿಯುವವರೆಗೆ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಅಂಥ ಎರಡು ಚೀಲಗಳಿಗೆ ಒತ್ತಿ ತುಂಬಿ, ಬಾಯಿ ತಿರುಚಿ ಮಡಚಿ ಕಟ್ಟಿ ಕೊಟ್ಟೆ. ಮಧ್ಯೆ ಬಿಚ್ಚಿ ನೋಡಬೇಡಿ ಎಂದಷ್ಟೇ ಅವರಲ್ಲಿ ಕೇಳಿಕೊಂಡೆ.