ಡ್ರಮ್ಮು, ಗಡಿಯಾರ ಮತ್ತು ಒಂದೂವರೆ ಇಂಚು ನೀರು

ನಮ್ಮದು ಹಿರಿಯೂರು ತಾಲೂಕಿನ ಕೆಂಪು ಮಣ್ಣಿನ ಹೊಲ. ನಾಲ್ಕು ಎಕರೆ. ವಾಣಿವಿಲಾಸ ಸಾಗರ ನಮಗೇನೂ ದೂರವಲ್ಲ, ಆದರೆ ಹೊಲ ಏರಿನಲ್ಲಿದೆ, ಕಾಲುವೆ ನೀರು ಹತ್ತುವುದಿಲ್ಲ. 2022ರಲ್ಲಿ ಆ ಡ್ಯಾಮು 89 ವರ್ಷಗಳ ನಂತರ ಕೋಡಿ ಬಿದ್ದಾಗ ಊರೆಲ್ಲ ಹೋಗಿ ಬಾಗಿನ ಬಿಟ್ಟು ಬಂದೆವು. ಬಂದು ಮತ್ತೆ ಬೋರಿನ ಮೋಟರ್ ಹಾಕಿದೆವು, ಅಷ್ಟೇ.

ಆ ಬೋರು 2021ರದ್ದು. ಕೊರೆದ ದಿನ ಲಾರಿಯವರು "ಎರಡು ಇಂಚು ನೀರು" ಅಂದರು. ಅದೇ ಧೈರ್ಯದ ಮೇಲೆ ಒಂದೂವರೆ ಎಕರೆಗೆ ದಾಳಿಂಬೆ ಇಟ್ಟೆ, 540 ಗಿಡ. ಉಳಿದಿದ್ದರಲ್ಲಿ ಒಂದು ಎಕರೆ ಈರುಳ್ಳಿಗೆ, ಮಿಕ್ಕಿದ್ದು ಮಳೆ ನಂಬಿದ ಶೇಂಗಾಕ್ಕೆ. ಎರಡು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. 2023ರಲ್ಲಿ ಮಳೆ ಕೈಕೊಟ್ಟಿತು. ಹಸ್ತೆ, ಚಿತ್ತೆ ಎರಡೂ ಹಾಗೇ ಹೋದವು. ಮುಂದಿನ ಏಪ್ರಿಲ್‌ಗೆ ನೀರು ಇಳಿಯಿತು. ಪೈಪಿನ ಬಾಯಿ ನೋಡಿ ಅಪ್ಪ, "ಒಂದೂವರೆ ಇಂಚು ಐತಪ್ಪ, ಕಾಲುಭಾಗ ಹೋಗೈತೆ, ಹೆದರಬೇಡ" ಅಂದರು. ನನಗೂ ಹಾಗೇ ಅನ್ನಿಸಿತು.

ಆದರೆ ಗಿಡ ಬೇರೆ ಮಾತು ಹೇಳುತ್ತಿತ್ತು. ಕೊನೆಯ ಸಾಲುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲೆ ಮುದುಡುತ್ತಿತ್ತು. ಗಾಬರಿಯಲ್ಲಿ ಇನ್ನೊಂದು ಬೋರು ಕೊರೆಸಿದೆ. 650 ಅಡಿ ಹೋದರೂ ಬಂದದ್ದು ಬರೀ ಧೂಳು. ಆ ಸಾಲ ಈಗಲೂ ಕಟ್ಟುತ್ತಿದ್ದೇನೆ. ಅದರ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಒಂದು ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಕರೆಂಟ್ ಬಂತು. 200 ಲೀಟರ್ ಡ್ರಮ್ ಉರುಳಿಸಿಕೊಂಡು ಹೋಗಿ, ಪೈಪು ಬಿಚ್ಚಿ ಅದರೊಳಗೆ ಬಿಟ್ಟೆ. ಮಗಳು ಮೊಬೈಲಿನಲ್ಲಿ ಟೈಮ್ ನೋಡುತ್ತಾ ನಿಂತಳು. ಎಂಟೂವರೆ ನಿಮಿಷ! ಬೋರು ಹೊಸದಾಗಿದ್ದಾಗ ಇದೇ ಡ್ರಮ್ಮು ಔಷಧಿ ಕಲಸೋಕೆ ಇಡುತ್ತಿದ್ದೆವು, ಬೀಡಿ ಮುಗಿಯುವಷ್ಟರಲ್ಲಿ ತುಂಬುತ್ತಿತ್ತು. ನಾಲ್ಕು ನಿಮಿಷ ಅಂತ ಇಟ್ಟುಕೊಳ್ಳಿ. ಅಂದರೆ ಹೋಗಿದ್ದು ಕಾಲುಭಾಗ ಅಲ್ಲ, ಅರ್ಧಕ್ಕಿಂತ ಒಂಚೂರು ಜಾಸ್ತಿಯೇ.

ಈ "ಇಂಚು" ಪೈಪಿನ ಅಳತೆ ಅಂತಲೇ ನಾನು ತಿಳಿದಿದ್ದೆ. ಅಲ್ಲ. ಕೊರೆಯುವಾಗ ಹರಿಯುವ ನೀರಿಗೆ ಮಣ್ಣಿನ ಕಟ್ಟೆ ಹಾಕಿ, ವಿ ಆಕಾರಕ್ಕೆ ಕತ್ತರಿಸಿದ ತಗಡು ನೆಡುತ್ತಾರಲ್ವಾ, ಆ ಸಂದಿಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಅನ್ನುವುದೇ ಇಂಚು. ಸಂದಿ ಮೇಲೆ ಹೋದಂತೆ ಅಗಲವಾಗುತ್ತದೆ. ಹಾಗಾಗಿ ಎರಡು ಇಂಚು ಅಂದರೆ ಒಂದು ಇಂಚಿನ ಎರಡು ಪಟ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ಎರಡು ಇಂಚಿಗೆ ನಿಮಿಷಕ್ಕೆ ಸುಮಾರು 48 ಲೀಟರ್, ಒಂದೂವರೆಗೆ 23. ಅರ್ಧ ಇಂಚು ಇಳಿದರೆ ಅರ್ಧ ನೀರೇ ಹೋಯಿತು. ಮಗಳು ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಅಪ್ಪ ನಂಬಲಿಲ್ಲ. ಡ್ರಮ್ಮಿನ ಮುಂದೆ ಅವರನ್ನೂ ನಿಲ್ಲಿಸಬೇಕಾಯಿತು.

ನಮಗೆ ಸಿಗುವ ಕರೆಂಟ್ ದಿನಕ್ಕೆ ಏಳು ಗಂಟೆ, ಅದೂ ಹಗಲಿಷ್ಟು ರಾತ್ರಿಯಿಷ್ಟು. 23 ಲೀಟರ್ ಲೆಕ್ಕದಲ್ಲಿ ದಿನಕ್ಕೆ ಹತ್ತು ಸಾವಿರ ಲೀಟರೂ ಇಲ್ಲ. ಗಿಡಕ್ಕೆ 20 ಲೀಟರ್ ಕೊಟ್ಟರೆ ದಾಳಿಂಬೆಗೇ 10,800 ಬೇಕು. ಇನ್ನು ಈರುಳ್ಳಿ? ಮಡಿಗೆ ನೀರು ಹಾಯಿಸಿದರೆ ಒಂದು ಸಲಕ್ಕೆ ಎರಡು ಇಂಚು ನಿಲ್ಲಬೇಕು. ಒಂದು ಎಕರೆಗೆ ಅದು ಎರಡು ಲಕ್ಷ ಲೀಟರ್, ಇಪ್ಪತ್ತು ದಿನದ ಬೋರಿನ ನೀರು! ಅವತ್ತೇ ಬೇಸಿಗೆ ಈರುಳ್ಳಿ ಕೈಬಿಟ್ಟೆ. ಮಡಿ ಕಟ್ಟಿ ನಾಟಿ ಮಾಡಿ ಮುಗಿದಿತ್ತು, ಒಣಗಲು ಬಿಟ್ಟೆ. ನಮ್ಮ ಮನೆಯವಳು ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ಮುಂದಿನದು ಡ್ರಿಪ್. ಗಿಡಕ್ಕೆ ಎರಡರಂತೆ ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಇವೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಹತ್ತು ತಂದು, ಕತ್ತು ಕೊಯ್ದು, ಮೊದಲ ಸಾಲಿಂದ ಕೊನೆಯವರೆಗೆ ಅಲ್ಲಲ್ಲಿ ಡ್ರಿಪ್ಪರ್ ಕೆಳಗೆ ಇಟ್ಟೆ. ಹದಿನೈದು ನಿಮಿಷಕ್ಕೆ ಬಾಟಲಿ ತುಂಬಬೇಕು. ಮೊದಲ ಸಾಲಿನದು ಮುಕ್ಕಾಲು ತುಂಬಿತ್ತು. ಕೊನೆಯದರಲ್ಲಿ ತಳ ಒದ್ದೆಯಾಗಿತ್ತು ಅಷ್ಟೇ, ಅದರಲ್ಲೊಂದು ಇರುವೆ ಈಜುತ್ತಿತ್ತು. ಎಲ್ಲಾ ಡ್ರಿಪ್ಪರ್‌ಗೂ ಸೇರಿ ಗಂಟೆಗೆ 4,320 ಲೀಟರ್ ಬೇಕು, ಬೋರು ಕೊಡುವುದು 1,400. ಎಲ್ಲಿಂದ ಬರಬೇಕು ಕೊನೆಯ ಸಾಲಿಗೆ?

ತೋಟವನ್ನು ಮೂರು ಪಾಲು ಮಾಡಿ ಗೇಟ್‌ವಾಲ್ವ್ ಹಾಕಿದೆ. ಪಾಲಿಗೆ 180 ಗಿಡ, ಗಂಟೆಗೆ 1,440 ಲೀಟರ್. ಬೋರಿಗೂ ಪೈಪಿಗೂ ಹೊಂದಿಕೆಯಾಯಿತು. ಒಂದೊಂದಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ ಬಿಟ್ಟರೆ ಗಿಡಕ್ಕೆ 18 ಲೀಟರ್ ಸಿಗುತ್ತದೆ. ಅದೇ ನೀರು, ಅದೇ ಮೋಟರ್. ಫಿಲ್ಟರ್ ತೊಳೆಯುವುದು, ಪೈಪಿನ ತುದಿ ಬಿಚ್ಚಿ ಕೆಸರು ಬಿಡುವುದು ವಾರಕ್ಕೊಮ್ಮೆ ನಡೆಯುತ್ತದೆ. ಅಳಿಲು ಕಡಿದ ಪೈಪಿಗೆ ಮಾತ್ರ ಇನ್ನೂ ಪರಿಹಾರ ಸಿಕ್ಕಿಲ್ಲ.

ಬುಡಕ್ಕೆ ಶೇಂಗಾ ಸಿಪ್ಪೆ ಹಾಕಿದ್ದೂ ಕೆಲಸಕ್ಕೆ ಬಂತು. ಚಳ್ಳಕೆರೆಯ ಎಣ್ಣೆ ಮಿಲ್ ಕಡೆಯಿಂದ ಒಂದು ಟ್ರ್ಯಾಕ್ಟರ್ ತರಿಸಿ, ನಾಲ್ಕು ಬೆರಳು ದಪ್ಪಕ್ಕೆ ಹರಡಿದೆ. ಮೊದಲು ನೀರು ಬಿಟ್ಟ ಮಾರನೆಯ ದಿನವೇ ಮಣ್ಣು ಪುಡಿಯಾಗುತ್ತಿತ್ತು. ಈಗ ಸಿಪ್ಪೆ ಸರಿಸಿ ಹಿಡಿದರೆ ಮೂರನೇ ದಿನವೂ ಉಂಡೆ ಕಟ್ಟುತ್ತದೆ. ಗೆದ್ದಲು ಬರುತ್ತದೆ, ಕಾಂಡದಿಂದ ಒಂದು ಗೇಣು ದೂರ ಬಿಟ್ಟು ಹಾಕಬೇಕು.

ಈಗ ಹದಿನೈದು ದಿನಕ್ಕೊಮ್ಮೆ ಡ್ರಮ್ ಇಡುತ್ತೇನೆ. ಪಂಪ್‌ಹೌಸ್ ಗೋಡೆ ಮೇಲೆ ಇದ್ದಿಲಿನಲ್ಲಿ ತಾರೀಕು, ನಿಮಿಷ ಬರೆದಿರುತ್ತೆ. ಮಳೆ ಸ್ವಲ್ಪ ಆಗಿದೆ. ಕಳೆದ ವಾರ 5 ನಿಮಿಷ 40 ಸೆಕೆಂಡ್ ಬಂತು. ದಾಳಿಂಬೆಗೆ ಕೊಟ್ಟು ದಿನಕ್ಕೆ ನಾಲ್ಕು ಸಾವಿರ ಲೀಟರ್ ಉಳಿಯುತ್ತದೆ. ಡ್ರಿಪ್‌ನಲ್ಲಿ ಹತ್ತು ಗುಂಟೆ ಈರುಳ್ಳಿ ಮಾಡಬಹುದು. ಅಪ್ಪ ಆಗಲೇ ಬೀಜ ತಂದು ಅಟ್ಟದ ಮೇಲೆ ಇಟ್ಟಿದ್ದಾರೆ. ಒಂದು ಎಕರೆಗಾಗುವಷ್ಟು.