ಸಾಲ ಕೊಡದೆ ವ್ಯಾಪಾರಕ್ಕೆ ಹಚ್ಚಿದ್ದು

ಕಡುಬಡ ಹೆಂಗಸರಿಗೆ ಸಾಲದ ಬದಲು ಪುಕ್ಕಟೆ ಬಂಡವಾಳ ಕೊಟ್ಟು ವ್ಯಾಪಾರಕ್ಕೆ ಹಚ್ಚುವ ಕೆಲಸ ನನ್ನದು. ‘ಪುಕ್ಕಟೆ ಹಣ ಕೊಟ್ಟರೆ ತಿಂದು ಕೂರುತ್ತಾರೆ’ ಎಂದು ಸಭೆಗಳಲ್ಲಿ ನನ್ನನ್ನು ಮೂದಲಿಸಿದವರೇ ಈಗ ನಮ್ಮ ಲೆಕ್ಕದ ನಮೂನೆಗಳನ್ನು ಕೇಳಿ ಪಡೆಯುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಿರುಸಾಲದ ಗತಿ ನಿಮಗೆ ಗೊತ್ತೇ ಇದೆ. ಭೂಮಿಯಿಲ್ಲದ, ದುಡಿಯುವ ಗಂಡನಿಲ್ಲದ, ಸ್ವಸಹಾಯ ಸಂಘಗಳೂ ಸೇರಿಸಿಕೊಳ್ಳದ ಹೆಂಗಸಿಗೆ ಸಾಲ ಕೊಟ್ಟರೆ ಮೊದಲ ಕಂತು ಆ ಸಾಲದಿಂದಲೇ ವಾಪಸು ಬರುತ್ತದೆ. ನಾಲ್ಕನೆಯ ಕಂತಿನ ಹೊತ್ತಿಗೆ ಆಕೆ ಊರು ಬಿಟ್ಟಿರುತ್ತಾಳೆ. ಸಾಲದ ಬದಲು ಆಡು ಕೊಟ್ಟು ನೋಡಿದೆವು. ಸುಗ್ಗಿಗೆ ಮುಂಚಿನ ಬರಿಗೈ ತಿಂಗಳುಗಳಲ್ಲಿ ಅರ್ಧದಷ್ಟು ಆಡುಗಳು ಮಾರಿಹೋದವು.

2002ರಲ್ಲಿ ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆ ಹಿಡಿದ ದಾರಿ ಆಗ ಕಣ್ಣಿಗೆ ಬಿತ್ತು: ಊಟಕ್ಕೆಂದು ಸ್ವಲ್ಪ ಕಾಲ ಕೈಖರ್ಚು, ದುಡಿಮೆಗೆ ಸ್ವತ್ತು, ಜೊತೆಗೆ ಸುಮಾರು ಎರಡು ವರ್ಷ ಮನೆ ಬಾಗಿಲಿಗೆ ಹೋಗಿ ವಿಚಾರಿಸುವ ಕಾರ್ಯಕರ್ತೆ. ಕೈಖರ್ಚು ಕೊಟ್ಟ ಮೇಲೆ ಆಡು ಮಾರುವುದು ಹೆಚ್ಚುಕಡಿಮೆ ನಿಂತಿತು. ನಾನು ಮಾಡಿಕೊಂಡ ಬದಲಾವಣೆ ಎರಡು. ಮೂವರು ಹೆಂಗಸರಿಗೆ ಒಂದು ವ್ಯಾಪಾರ. ಒಬ್ಬಳು ಹಾಸಿಗೆ ಹಿಡಿದರೂ ಅಂಗಡಿ ಮುಚ್ಚುವುದಿಲ್ಲ, ಇಬ್ಬರು ಜಗಳಕ್ಕೆ ನಿಂತರೆ ಮೂರನೆಯವಳು ತೀರ್ಮಾನ ಹೇಳುತ್ತಾಳೆ. ಎರಡನೆಯದು, ಬಂಡವಾಳದ ಮೂರರಲ್ಲಿ ಒಂದು ಪಾಲನ್ನು ತಡೆಹಿಡಿದು, ಆರೇಳು ತಿಂಗಳ ಲೆಕ್ಕ ನೋಡಿಯೇ ಬಿಡುಗಡೆ ಮಾಡುವುದು. ಓದು ಬಾರದವರು ಲೆಕ್ಕವನ್ನು ಎರಡು ಬಣ್ಣದ ಬೀಜಗಳಲ್ಲಿ ಇಡುತ್ತಾರೆ, ನಮ್ಮ ಲೆಕ್ಕಿಗನಿಗಿಂತ ಚೊಕ್ಕವಾಗಿ. ಯಾವ ಮೂವರನ್ನು ಒಟ್ಟಿಗೆ ಕೂರಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬೇಕಾದವರು ನಮ್ಮೊಡನೆ ಒಂದು ಸುತ್ತು ಬರಲಿ.

ಕೋಳಿಯ ಕಥೆ ಬೇರೆ. ಬ್ರಾಕ್‌ನ ಈ ವಿಧಾನವನ್ನು ಆರು ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ಹಿಂದೆ ಬೀಳಲು ಒಂದು ಕಾರಣ, ಹಂಚಿದ ಕೋಳಿಗಳು ರೋಗಕ್ಕೆ ಸತ್ತದ್ದು. ನಮ್ಮಲ್ಲಿಯೂ ಕೊಕ್ಕರೆ ರೋಗ (ಕೋಳಿಗಳ ರಾಣಿಖೇತ್ ರೋಗ) ಗೂಡುಗಳನ್ನೇ ಬರಿದು ಮಾಡಿತು. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗೆ ಸಾಕು, ಆದರೆ ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಕೋಳಿಯವಳು ಒಬ್ಬಳೇ ಕೊಂಡರೆ ಚೆಲ್ಲುವುದೇ ಹೆಚ್ಚು. ಕತ್ತಲಿರುವಾಗಲೇ, ಕೋಳಿಗಳು ಗೂಡಿನಲ್ಲಿದ್ದಾಗ, ಇಡೀ ಕೇರಿಗೆ ಒಂದೇ ಸಲ ಹಾಕಿಸಿದೆವು. ಆಮೇಲೆ ಸಾವು ಹತ್ತರಲ್ಲಿ ಒಂದಕ್ಕೆ ಇಳಿಯಿತು. ಮೊಬೈಲಿನಲ್ಲಿ ಧ್ವನಿಪಾಠ ಕಳುಹಿಸುವ ಪ್ರಯೋಗವನ್ನೂ ಮಾಡಿದೆ. ಫೋನು ಗಂಡಸರ ಜೇಬಿನಲ್ಲಿತ್ತು. ಪಾಠ ಕೇಳಿದವರೂ ಅವರೇ.

ಉಳಿತಾಯಕ್ಕೆ ಮೂವರ ಕೈಯಲ್ಲಿ ಒಂದೊಂದು ಕೀಲಿ ಇರುವ ಮೂರು ಬೀಗದ ಪೆಟ್ಟಿಗೆ, 1991ರಲ್ಲಿ ಆಫ್ರಿಕಾದ ನೈಜರ್‌ನಲ್ಲಿ ಶುರುವಾದ ಉಳಿತಾಯ ಗುಂಪುಗಳಿಂದ ಬಂದ ಪದ್ಧತಿ. ಕೂಡಿದ ಹಣವನ್ನು ವರ್ಷಕ್ಕೊಮ್ಮೆ ಸದಸ್ಯರಿಗೆ ಹಂಚುವುದನ್ನು ಬಿತ್ತನೆಗೆ ಮುಂಚೆಯೇ ಇಡಿ. ಹಬ್ಬದ ಮುಂದೆ ಇಟ್ಟ ಗುಂಪುಗಳ ಕೈಯಲ್ಲಿ ಏನೂ ನಿಲ್ಲಲಿಲ್ಲ.

ನೆನಪಿನಿಂದ ಹೇಳುವುದಾದರೆ, ಎರಡು ವರ್ಷದ ಮೇಲೂ ಹತ್ತರಲ್ಲಿ ಏಳು ವ್ಯಾಪಾರಗಳು ನಡೆಯುತ್ತಿದ್ದವು. ಖರ್ಚಿನಲ್ಲಿ ಅರ್ಧದಷ್ಟನ್ನು ನುಂಗಿದ್ದು ಕಾರ್ಯಕರ್ತೆಯರ ಸಂಬಳ ಮತ್ತು ಓಡಾಟ. ದಾನಿಗಳು ಮೊದಲು ಕತ್ತರಿ ಹಾಕಲು ನೋಡುವುದೂ ಅಲ್ಲಿಗೇ. ಭೇಟಿ ಕಡಿಮೆ ಮಾಡಿದ ಕಡೆ ಮೊದಲು ನಿಂತದ್ದು ಉಳಿತಾಯ, ಆಮೇಲೆ ಅಂಗಡಿ. ಹಾಗಾಗಿ ಈ ಬಾರಿ ಹಳೆಯ ಗುಂಪಿನ ಹೆಂಗಸರಿಗೇ ಗೌರವಧನ ಕೊಟ್ಟು ಹೊಸಬರ ಮನೆಗಳಿಗೆ ಕಳುಹಿಸುತ್ತಿದ್ದೇನೆ. ಓಡಾಟದ ಖರ್ಚು ಈಗಾಗಲೇ ಇಳಿದಿದೆ.